ವಾರಕ್ಕೊಂದು ಎಣ್ಣೆನೀರು: ಹೊಸೂರು ಸೀಮೆಯಿಂದ ಒಂದು ಚರಿತ್ರೆ

ಎಣ್ಣೆ ಎಂಬ ಮಾತು ಮೂಲದಲ್ಲಿ ಎಳ್ಳಿಗೆ ಸೇರಿದ್ದು. ಎಳ್ ಮತ್ತು ನೆಯ್, ಅಂದರೆ ಎಳ್ಳಿನ ಜಿಡ್ಡು ಎಂದು ಭಾಷಾಶಾಸ್ತ್ರಜ್ಞರು ಅದನ್ನು ಬಿಡಿಸಿ ತೋರಿಸುತ್ತಾರೆ. ಕನ್ನಡದ ಎಣ್ಣೆ, ತಮಿಳಿನ ಎಣ್ಣೆಯ್, ಮಲಯಾಳದ ಎಣ್ಣ ಈ ಮೂರೂ ಒಂದೇ ಗಾಣದಿಂದ ಇಳಿದ ಮಾತುಗಳು. ತೆಲುಗರು ಎಳ್ಳನ್ನು ನುವ್ವು ಎನ್ನುವುದರಿಂದ ಅವರಲ್ಲಿ ಅದು ನೂನೆ ಆಯಿತು. ಕಾಲು ತಿರುಚಿದಾಗ ಆಗುವ ನೋವಿಗೂ ಇದೇ ಬಗೆಯ ನಂಟುಂಟು. ನಮಗದು ಉಳುಕು, ಮಲಯಾಳಿಗಳಿಗೆ ಉಳುಕ್ಕ್, ತಮಿಳರಿಗೆ ಸುಳುಕ್ಕು. ನೊಂದ ಜಾಗವನ್ನು ಅಂಗೈಯಿಂದ ಮೆಲ್ಲನೆ ಸವರುವುದಕ್ಕೆ ಕನ್ನಡದಲ್ಲೂ ತಮಿಳಿನಲ್ಲೂ ‘ನೀವು’ ಎಂಬ ಒಂದೇ ಧಾತು. ರಾಜ್ಯಗಳ ನಡುವೆ ಗಡಿಗಲ್ಲು ನೆಡುವುದಕ್ಕೆ ಎಷ್ಟೋ ಶತಮಾನ ಮೊದಲೇ ಮೈಗೆ ಎಣ್ಣೆ ಹಚ್ಚಿ ನೀವುವ ರೂಢಿ ನಮ್ಮೆಲ್ಲರ ಸೊತ್ತಾಗಿತ್ತೆಂದು ಈ ಮಾತುಗಳೇ ಹೇಳುತ್ತವೆ.

ಗಡಿನಾಡು ಎಂದೊಡನೆ ಈ ವಾರ್ಷಿಕದ ಓದುಗರಿಗೆ ಚಂದ್ರಗಿರಿ ಹೊಳೆಯ ಆಚೀಚೆಯ ಊರುಗಳು ನೆನಪಾಗುವುದು ಸಹಜ. 1956ರ ನವೆಂಬರ್ 1ರಂದು ಭಾಷಾವಾರು ರಾಜ್ಯಗಳು ರೂಪುಗೊಂಡಾಗ ಕಾಸರಗೋಡು ಕೇರಳಕ್ಕೆ ಸೇರಿತು. ಅದೇ ದಿನ ಮೂಡಣ ತುದಿಯ ಇನ್ನೊಂದು ಕನ್ನಡ ಸೀಮೆ ಮದರಾಸು ರಾಜ್ಯದಲ್ಲಿಯೇ ಉಳಿಯಿತು. ಅದು ಹೊಸೂರು, ಡೆಂಕಣಿಕೋಟೆ, ತಳಿ, ಕೆಲಮಂಗಲ, ಬಾಗಲೂರುಗಳ ಸೀಮೆ. ಆಗ ಸೇಲಂ ಜಿಲ್ಲೆಗೆ ಸೇರಿದ್ದ ಈ ಭಾಗ 1965ರಲ್ಲಿ ಧರ್ಮಪುರಿ ಜಿಲ್ಲೆಗೂ, 2004ರ ಫೆಬ್ರವರಿಯಲ್ಲಿ ಹೊಸದಾಗಿ ರೂಪುಗೊಂಡ ಕೃಷ್ಣಗಿರಿ ಜಿಲ್ಲೆಗೂ ಸೇರಿತು. ಜಿಲ್ಲೆಯ ಹೆಸರು ಬದಲಾದರೂ ಬೀದಿಯ ಮಾತು ಬದಲಾಗಲಿಲ್ಲ. ಇಲ್ಲಿ ಒಂದೇ ಬೀದಿಯಲ್ಲಿ ಕನ್ನಡ, ತೆಲುಗು, ತಮಿಳು, ಉರ್ದು ನಾಲ್ಕೂ ಕೇಳಿಸುತ್ತವೆ.

ಈ ಸೀಮೆಯ ಕೋಟೆಗಳ ಚರಿತ್ರೆ ನಮಗೆ ಸಾಕಷ್ಟು ದೊರೆತಿದೆ. 1792ರ ಶ್ರೀರಂಗಪಟ್ಟಣದ ಒಪ್ಪಂದದಂತೆ ಟಿಪ್ಪು ಸುಲ್ತಾನ್ ಬಾರಾಮಹಲನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟದ್ದು, ಅಲೆಕ್ಸಾಂಡರ್ ರೀಡ್ ಮತ್ತು ಅವರ ಕೈಕೆಳಗಿನ ಥಾಮಸ್ ಮನ್ರೋ ಇಲ್ಲಿ ರಯತವಾರಿ ಪದ್ಧತಿಗೆ ತಳಹದಿ ಹಾಕಿದ್ದು, 1799ರಲ್ಲಿ ಹೊಸೂರಿನ ಮೇಲ್ಸೀಮೆಯೂ ಕಂಪನಿಯ ವಶವಾದದ್ದು, ಇವೆಲ್ಲ ಪಠ್ಯಪುಸ್ತಕಕ್ಕೆ ಬಂದ ಸಂಗತಿಗಳು. ಆದರೆ ಆ ಕಂದಾಯವನ್ನು ದುಡಿದು ಕಟ್ಟಿದ ಬೆನ್ನು ಸಂಜೆಯ ಹೊತ್ತಿಗೆ ಹೇಗೆ ನೆಟ್ಟಗಾಗುತ್ತಿತ್ತು ಎಂಬ ಪ್ರಶ್ನೆಯನ್ನು ಕಂದಾಯದ ಕಡತ ಕೇಳುವುದಿಲ್ಲ. ಆ ಪ್ರಶ್ನೆಗೆ ಉತ್ತರ ಬಚ್ಚಲಮನೆಯಲ್ಲಿ, ಗರಡಿಯಲ್ಲಿ, ಅಜ್ಜಿಯ ಅಂಗೈಯಲ್ಲಿ ಹುಡುಕಬೇಕು. ಹಾಗೆ ಹುಡುಕಿದಾಗ ಒಂದು ಸಂಗತಿ ಎದ್ದು ಕಾಣುತ್ತದೆ. ನಮ್ಮ ಹಿರಿಯರು ಎಣ್ಣೆ ತಿಕ್ಕುವುದನ್ನು ನೋವು ಬಂದಾಗ ಮಾಡುವ ಮದ್ದೆಂದು ಮಾತ್ರ ತಿಳಿದಿರಲಿಲ್ಲ. ಅದಕ್ಕೊಂದು ವಾರ, ಒಂದು ಹಬ್ಬ, ಒಂದು ಋತು ಗೊತ್ತುಮಾಡಿ ಪಂಚಾಂಗದೊಳಗೆ ಸೇರಿಸಿಬಿಟ್ಟಿದ್ದರು. ಆ ಕ್ರಮಬದ್ಧತೆಯಲ್ಲಿಯೇ ಅದರ ಪ್ರಯೋಜನ ಅಡಗಿತ್ತು.

ಹೊಲ, ಗಾಣ, ಬಚ್ಚಲು

ಹೊಸೂರು ಬೆಂಗಳೂರಿನ ಪ್ರಸ್ಥಭೂಮಿಯ ತೆಂಕಣ ಅಂಚು. ಅಲ್ಲಿಂದ ಕೃಷ್ಣಗಿರಿಯ ಕಡೆಗೆ ನೆಲ ಇಳಿಯುತ್ತ ಹೋಗುತ್ತದೆ. ಮೇಲಿನದು ರಾಗಿಯ ನಾಡು. ರಾಗಿಯ ನಡುವೆ ಅಕ್ಕಡಿ ಸಾಲುಗಳಲ್ಲಿ ಅವರೆ, ತೊಗರಿ, ಹುಚ್ಚೆಳ್ಳು, ಹರಳು ಬಿತ್ತುವುದು ಇಲ್ಲಿಯ ಒಕ್ಕಲುತನದ ಹಳೆಯ ಕ್ರಮ. ರಾಗಿ ಹೊಟ್ಟೆಗೆ, ಹರಳು ಮೈಗೆ. ಹರಳುಬೀಜವನ್ನು ಹುರಿದು, ಕುಟ್ಟಿ, ನೀರಿನಲ್ಲಿ ಕುದಿಸಿ, ಮೇಲೆ ತೇಲಿದ ಎಣ್ಣೆಯನ್ನು ಸೌಟಿನಿಂದ ತೆಗೆದು ಮಡಕೆಯಲ್ಲಿ ತುಂಬಿಡುವುದು ಹೆಂಗಸರ ಕೆಲಸವಾಗಿತ್ತು. ದೀಪಕ್ಕೆ, ತಲೆಗೆ, ಬಾಣಂತಿಯ ಸೊಂಟಕ್ಕೆ, ಗಾಡಿಯ ಕೀಲಿಗೆ ಎಲ್ಲಕ್ಕೂ ಆ ಮಡಕೆಯೇ ಆಧಾರ.

ಎಳ್ಳೆಣ್ಣೆಗೆ ಗಾಣಿಗರ ಬಳಿ ಹೋಗಬೇಕಿತ್ತು. ಹಳೆಯ ಮೈಸೂರಿನ ಜನಗಣತಿ ವರದಿಗಳಲ್ಲಿ ಗಾಣಿಗರ ಒಳಪಂಗಡಗಳನ್ನು ಅವರ ಗಾಣದಿಂದಲೇ ಗುರುತಿಸಿದ್ದಾರೆ. ಕಲ್ಲಿನ ಗಾಣಕ್ಕೆ ಎರಡೆತ್ತು ಕಟ್ಟುವವರು ಹೆಗ್ಗಾಣಿಗರು, ಮರದ ಗಾಣದವರು ಕಿರುಗಾಣಿಗರು, ಒಂದೇ ಎತ್ತಿನವರು ಒಂಟೆತ್ತು ಗಾಣಿಗರು. ಹನ್ನೆರಡನೆಯ ಶತಮಾನದ ಶರಣರ ಸಾಲಿನಲ್ಲಿ ಗಾಣದ ಕಣ್ಣಪ್ಪನ ಹೆಸರಿದೆ ಎಂದ ಮೇಲೆ ಈ ಕಾಯಕಕ್ಕೆ ಕನ್ನಡದ ಮನಸ್ಸು ಎಂಥ ಜಾಗ ಕೊಟ್ಟಿತ್ತೆಂದು ಬೇರೆ ಹೇಳಬೇಕಿಲ್ಲ.

ಇನ್ನು ವಾರದ ಮಾತು. ಗಂಡಸರಿಗೆ ಬುಧವಾರ, ಶನಿವಾರ. ಹೆಂಗಸರಿಗೆ ಮಂಗಳವಾರ, ಶುಕ್ರವಾರ. ಈ ಕಟ್ಟಳೆ ಕನ್ನಡದ ಮನೆಯಲ್ಲೂ ತಮಿಳಿನ ಮನೆಯಲ್ಲೂ ಹೆಚ್ಚುಕಡಿಮೆ ಒಂದೇ ಆಗಿತ್ತು. ಇದರ ಮೇಲೆ ಯುಗಾದಿಯ ಅಭ್ಯಂಜನ, ನರಕ ಚತುರ್ದಶಿಯ ಬೆಳಗಿನ ಅಭ್ಯಂಜನ. ಅದರ ಹಿಂದಿನ ಸಂಜೆ ಹಂಡೆ ತೊಳೆದು, ಸುಣ್ಣ ಕೆಮ್ಮಣ್ಣು ಬಳಿದು ನೀರು ತುಂಬುವುದಕ್ಕೆ ಒಂದು ಹಬ್ಬದ ಹೆಸರೇ ಇದೆ. ಎಣ್ಣೆ ಹಚ್ಚಿದ ಮೇಲೆ ಒಂದಷ್ಟು ಹೊತ್ತು ಬಿಡಬೇಕು, ಮೀನಖಂಡವನ್ನು ಕೆಳಗಿನಿಂದ ಮೇಲಕ್ಕೆ ತಿಕ್ಕಬೇಕು, ಬೆನ್ನಿಗೆ ಇನ್ನೊಬ್ಬರ ಕೈ ಬೇಕೇ ಬೇಕು, ಆಮೇಲೆ ಕಾದ ನೀರು, ಸೀಗೆಪುಡಿ, ಮೆಣಸಿನ ಸಾರು, ಹಗಲು ನಿದ್ದೆ ಬೇಡ ಎಂಬ ಎಚ್ಚರಿಕೆ. ಇಷ್ಟೂ ಸೇರಿ ಎಣ್ಣೆನೀರು. ಈ ಹೊತ್ತು ಸೋಮಾರಿತನದ್ದೆಂದು ಯಾರೂ ಆಕ್ಷೇಪಿಸುತ್ತಿರಲಿಲ್ಲ, ಏಕೆಂದರೆ ಪಂಚಾಂಗವೇ ಅದಕ್ಕೆ ಅಪ್ಪಣೆ ಕೊಟ್ಟಿತ್ತು. ದುಡಿಯುವವನಿಗೆ ಬಿಡುವು ಕೇಳುವ ಧೈರ್ಯ ಇರುವುದಿಲ್ಲ. ಶಾಸ್ತ್ರದ ಹೆಸರಿನಲ್ಲಿ ಬಂದ ಬಿಡುವನ್ನು ಯಜಮಾನನೂ ಕಿತ್ತುಕೊಳ್ಳಲಾರ.

ಶಾಸ್ತ್ರಗ್ರಂಥಗಳೂ ಈ ನಿತ್ಯತೆಯನ್ನೇ ಒತ್ತಿ ಹೇಳುತ್ತವೆ. ಚರಕ ಸಂಹಿತೆಯ ಸೂತ್ರಸ್ಥಾನದಲ್ಲಿ ಎಣ್ಣೆ ಕುಡಿದ ಮಡಕೆ, ಎಣ್ಣೆ ತಿಕ್ಕಿದ ಚರ್ಮ, ಎಣ್ಣೆ ಹಾಕಿದ ಗಾಡಿಯ ಅಚ್ಚು ಇವುಗಳ ಹೋಲಿಕೆ ಬರುತ್ತದೆ. ಕೀಲೆಣ್ಣೆ ಕಂಡಿದ್ದ ಒಕ್ಕಲಿಗನಿಗೆ ಅದನ್ನು ವಿವರಿಸಬೇಕಾಗಿರಲಿಲ್ಲ. ಸುಮಾರು ಏಳನೆಯ ಶತಮಾನದ ವಾಗ್ಭಟನ ಅಷ್ಟಾಂಗಹೃದಯದ ದಿನಚರ್ಯೆಯ ಅಧ್ಯಾಯವು ಅಭ್ಯಂಗವನ್ನು ದಿನದ ಕೆಲಸಗಳ ಸಾಲಿನಲ್ಲಿಟ್ಟು, ದಣಿವು ಕಳೆಯುವುದು, ನಿದ್ದೆ ಬರುವುದು, ಮೈ ಗಟ್ಟಿಯಾಗುವುದು ಅದರ ಫಲವೆನ್ನುತ್ತದೆ. ತಲೆ, ಕಿವಿ, ಅಂಗಾಲುಗಳಿಗೆ ವಿಶೇಷವಾಗಿ ಹಚ್ಚಬೇಕೆನ್ನುತ್ತದೆ. ಅಜೀರ್ಣವಾದವರು, ಕಫ ಕೆರಳಿದವರು ಮಾಡಿಕೊಳ್ಳಬಾರದೆಂದೂ ಅಲ್ಲಿಯೇ ಇದೆ. ಕೇರಳದ ಅಷ್ಟವೈದ್ಯರ ಮನೆತನಗಳಿಗೆ ಇದೇ ಮುಖ್ಯ ಗ್ರಂಥ. ಹನ್ನೆರಡನೆಯ ಶತಮಾನದ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ ಮಾನಸೋಲ್ಲಾಸದಲ್ಲಿ ದೊರೆಯ ಉಪಭೋಗಗಳನ್ನು ಎಣಿಸುವಾಗ ಸ್ನಾನಕ್ಕೊಂದು, ಪಾದಾಭ್ಯಂಗಕ್ಕೆ ಇನ್ನೊಂದು ಪ್ರಕರಣವನ್ನೇ ಮೀಸಲಿಟ್ಟಿದ್ದಾನೆ. ಅರಮನೆಯಲ್ಲಿ ಭೋಗವಾಗಿದ್ದದ್ದೇ ಗುಡಿಸಲಿನಲ್ಲಿ ಅಗತ್ಯವಾಗಿತ್ತು.

ಗರಡಿಯ ಮಣ್ಣು

ಎಣ್ಣೆಗೂ ಮಾಂಸಖಂಡಕ್ಕೂ ಇರುವ ನಂಟನ್ನು ಚೆನ್ನಾಗಿ ಬಲ್ಲವರು ಜಟ್ಟಿಗಳು. ವಿಜಯನಗರಕ್ಕೆ 1520ರ ಸುಮಾರಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕೃಷ್ಣದೇವರಾಯನ ಬೆಳಗನ್ನು ವರ್ಣಿಸಿದ್ದಾನೆ. ರಾಯನು ಬೆಳಕು ಹರಿಯುವ ಮುನ್ನವೇ ಎದ್ದು ಮುಕ್ಕಾಲು ಪೈಂಟಿನಷ್ಟು, ಅಂದರೆ ಸುಮಾರು 400 ಮಿಲಿಲೀಟರ್ ಎಳ್ಳೆಣ್ಣೆ ಕುಡಿಯುತ್ತಿದ್ದ. ಮೈಗೆಲ್ಲ ಅದೇ ಎಣ್ಣೆ ಹಚ್ಚಿಸಿಕೊಂಡು, ಮಣ್ಣಿನ ಭಾರದ ಗುಂಡುಗಳನ್ನೆತ್ತಿ, ಕತ್ತಿ ಝಳಪಿಸಿ, ಆ ಎಣ್ಣೆಯೆಲ್ಲ ಬೆವರಾಗಿ ಇಳಿಯುವ ತನಕ ಸಾಧನೆ ಮಾಡುತ್ತಿದ್ದ. ಬಳಿಕ ತನ್ನ ಜಟ್ಟಿಯೊಬ್ಬನೊಡನೆ ಕುಸ್ತಿ, ಕುದುರೆ ಸವಾರಿ, ಸ್ನಾನ. ಕುಡಿಯುವ ಭಾಗವನ್ನು ಇಂದು ಯಾರೂ ಅನುಸರಿಸಬೇಕಾಗಿಲ್ಲ. ಆದರೆ ದಿನದ ಸಾಧನೆಯೊಡನೆ ದಿನದ ಎಣ್ಣೆಯೂ ಕೂಡಿತ್ತೆಂಬುದನ್ನು ಗಮನಿಸಬೇಕು. ವ್ಯಾಯಾಮದ ಬಳಿಕ ಮೈಯನ್ನೆಲ್ಲ ಹಿತವಾಗಿ ಮರ್ದನ ಮಾಡಿಸಿಕೊಳ್ಳಬೇಕೆಂದು ವಾಗ್ಭಟನೂ ಹೇಳಿದ್ದಾನೆ.

ವಿಜಯನಗರದ ಅನಂತರ ಬಾರಾಮಹಲು ಚನ್ನಪಟ್ಟಣದ ಜಗದೇವರಾಯನ ಮನೆತನದ ಕೈಗೆ ಬಂತು. ಹದಿನೇಳನೆಯ ಶತಮಾನದ ನಡುವೆ ಮೈಸೂರಿನ ಕಂಠೀರವ ನರಸರಾಜ ಒಡೆಯನ ಕಾಲದಲ್ಲಿ ಹೊಸೂರಿನ ಕಡೆಗೆ ಮೈಸೂರಿನ ಆಳ್ವಿಕೆ ಚಾಚಿತು. ಈ ಒಡೆಯ ಸ್ವತಃ ಕುಸ್ತಿಪಟು. ತಿರುಚಿನಾಪಳ್ಳಿಯ ಊರಬಾಗಿಲಿಗೆ ತನ್ನ ಚಲ್ಲಣವನ್ನು ಕಟ್ಟಿ ಸವಾಲೆಸೆದಿದ್ದ ಜಟ್ಟಿಯೊಬ್ಬನನ್ನು ಮಾರುವೇಷದಲ್ಲಿ ಹೋಗಿ ಸೋಲಿಸಿದನೆಂಬ ಐತಿಹ್ಯ ಕನ್ನಡಿಗರ ಮನೆಮಾತು. ಐತಿಹ್ಯದಲ್ಲಿ ನಿಜವೆಷ್ಟೋ ಇರಲಿ, ಈ ಸೀಮೆಯ ಮೇಲೆ ಗರಡಿಯ ಸಂಸ್ಕೃತಿಯೊಂದು ಹಬ್ಬಿತ್ತೆಂಬುದಕ್ಕೆ ಅದೂ ಒಂದು ಸಾಕ್ಷಿ. ಗರಡಿಯ ಕೆಮ್ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಸಿನ ಬೆರೆಸಿ ಹದಮಾಡುತ್ತಾರೆ. ಮಟ್ಟಿ ಮುಗಿದ ಮೇಲೆ ಪೈಲ್ವಾನರು ಒಬ್ಬರಿಗೊಬ್ಬರು ತೋಳು, ತೊಡೆ, ಬೆನ್ನು ತಿಕ್ಕುತ್ತಾರೆ. ಉರ್ದುವಿನಿಂದ ಬಂದ ‘ಮಾಲೀಸು’ ಎಂಬ ಮಾತು ಕನ್ನಡದ ಬಾಯಿಗೆ ಒಗ್ಗಿದ್ದರಲ್ಲಿ ಈ ಗರಡಿಗಳ ಪಾಲು ದೊಡ್ಡದಿರಬೇಕು.

ಮೈಸೂರು ದಸರೆಯ ವಿಜಯದಶಮಿಯಂದು ಅರಮನೆಯ ಅಂಗಳದಲ್ಲಿ ನಡೆಯುವ ವಜ್ರಮುಷ್ಟಿ ಕಾಳಗವನ್ನು ಎಲ್ಲರೂ ಬಲ್ಲರು. ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರಗಳ ಜಟ್ಟಿ ಮನೆತನಗಳು ಅದರಲ್ಲಿ ಪಾಲ್ಗೊಳ್ಳುತ್ತವೆ. ಇದೇ ಜಟ್ಟಿಗಳ ಇನ್ನೊಂದು ಕಸುಬನ್ನು ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಏಳು ಸಂಪುಟಗಳಲ್ಲಿ ಕಾಣಬಹುದು. ತೆಲುಗು ಜಿಲ್ಲೆಗಳಲ್ಲಿ ಇವರು ಮೈ ಒತ್ತಿ, ಲೇಪ ತಿಕ್ಕಿ ನರನೋವುಗಳನ್ನು ಗುಣಪಡಿಸುತ್ತಿದ್ದರೆಂದು ಅಲ್ಲಿ ದಾಖಲಾಗಿದೆ. ಕೆಡಹಲು ಕಲಿತ ಕೈಗೆ ಎತ್ತಿ ನಿಲ್ಲಿಸಲೂ ಬರುತ್ತಿತ್ತು. ಯಾವ ಖಂಡ ಎಲ್ಲಿ ಹುಟ್ಟಿ ಎಲ್ಲಿ ಕೊನೆಯಾಗುತ್ತದೆಂಬುದು ಅವರಿಗೆ ಪಟ್ಟು ಹಾಕಿ ಹಾಕಿ ತಿಳಿದ ವಿದ್ಯೆ.

ಆಯದ ಕೈ, ಅಜ್ಜಿಯ ಕೈ, ಮಗುವಿನ ಕಾಲು

ಎಲ್ಲರ ಮೈಗೂ ಜಟ್ಟಿಯ ಕೈ ಸಿಗುವಂತಿರಲಿಲ್ಲ. ಹಳ್ಳಿಯಲ್ಲಿ ಆ ಕೆಲಸ ಕ್ಷೌರಿಕರದು. ಕನ್ನಡದಲ್ಲಿ ಕೆಲಸಿ, ನಾಯಿಂದ ಎಂದೂ ತೆಲುಗಿನಲ್ಲಿ ಮಂಗಲಿ ಎಂದೂ ಕರೆಸಿಕೊಂಡ ಇವರು ಹನ್ನೆರಡು ಆಯಗಾರರಲ್ಲಿ ಒಬ್ಬರು. ಸುಗ್ಗಿಯಲ್ಲಿ ಕಣದಿಂದ ಬರುವ ಆಯದ ರಾಗಿಯೇ ಅವರ ವರ್ಷದ ಸಂಬಳ. ತಲೆ ಬೋಳಿಸುವುದರ ಜೊತೆಗೆ ತಲೆ ಒತ್ತುವುದು, ಉಳುಕು ತೆಗೆಯುವುದು, ಕುರು ಕೊಯ್ಯುವುದು ಕೂಡ ಅವರ ಪಾಲಿಗೆ ಬಂದಿತ್ತು. ಅವರ ಹೆಂಗಸರು ಸೂಲಗಿತ್ತಿಯರಾಗಿದ್ದರು. ತಮಿಳುನಾಡಿನಲ್ಲಿ ಈ ಸಮುದಾಯ ಇಂದಿಗೂ ಮರುತ್ತುವರ್, ಅಂದರೆ ವೈದ್ಯರು, ಎಂಬ ಹೆಸರಿನಿಂದ ಗುರುತಿಸಿಕೊಳ್ಳುತ್ತದೆ. ಆ ಹೆಸರು ಸುಮ್ಮನೆ ಬಂದುದಲ್ಲ. ಊರಿನ ನೋವನ್ನೆಲ್ಲ ಮುಟ್ಟಿದ ಕೈಯನ್ನು ಊರು ತನ್ನ ಪಂಕ್ತಿಗೆ ಕರೆಯಲಿಲ್ಲ. ಆ ಕೈಯ ತಿಳಿವನ್ನು ವಿದ್ಯೆಯೆಂದೂ ಎಣಿಸಲಿಲ್ಲ. ಎಣ್ಣೆನೀರಿನ ಚರಿತ್ರೆ ಬರೆಯುವವರು ಈ ಅನ್ಯಾಯವನ್ನು ಮರೆಮಾಚಬಾರದು.

ಒಕ್ಕಲಿಗನಿಗೆ ಕೆಲಸಿಯ ಕೈ ಇತ್ತು. ಅವನ ಹೊಲದ ಕೂಲಿಗೆ ಅದೂ ಇರಲಿಲ್ಲ. ಕಳೆ ಕಿತ್ತು, ಕೊಯ್ದು, ಹೊರೆ ಹೊತ್ತು ಬಂದವನು ಬೋರಲು ಮಲಗಿ ಮಕ್ಕಳನ್ನು ಕರೆದು ಬೆನ್ನು ತುಳಿಯಲು ಹೇಳುತ್ತಿದ್ದ. ಮಗು ಗೋಡೆ ಹಿಡಿದುಕೊಂಡು ಸೊಂಟದಿಂದ ಹೆಗಲಿನ ತನಕ ಮೆಲ್ಲಗೆ ನಡೆಯುತ್ತಿತ್ತು. ಭಾರವೂ ಹದ, ಪಾದವೂ ಮೆತ್ತಗೆ. ಬೀಸುಕಲ್ಲಿನ ಮುಂದೆ ಕುಳಿತ ಹೆಂಗಸರ ಹೆಗಲು, ನೀರು ಸೇದಿದ ತೋಳು, ಒಲೆಯ ಮುಂದೆ ಬಗ್ಗಿದ ಕತ್ತು, ಇವುಗಳಿಗೆ ಶುಕ್ರವಾರದ ಬಚ್ಚಲಿನಲ್ಲಿ ಅತ್ತೆಯದೋ ಓರಗಿತ್ತಿಯದೋ ಕೈ. ಹೆಂಗಸಿಗೆ ಪೂರ್ತಿಯಾಗಿ ಸಿಗುತ್ತಿದ್ದ ಆರೈಕೆಯೆಂದರೆ ಬಾಣಂತನದ್ದೇ. ದಿನವೂ ಎಣ್ಣೆ, ದಿನವೂ ಬಿಸಿನೀರು, ಬಾಣಂತಿಯ ಸೊಂಟ ಬೆನ್ನುಗಳನ್ನು ಗಟ್ಟಿಯಾಗಿ ನೀವುವ ಹಿರಿಯಳು. ಅವಳದೇ ಚಾಚಿದ ಕಾಲುಗಳ ಮೇಲೆ ಕೂಸಿನ ನೀರೂ ಆಗುತ್ತಿತ್ತು. ಫ್ರಾನ್ಸಿನ ಪ್ರಸೂತಿ ತಜ್ಞ ಫ್ರೆಡರಿಕ್ ಲೆಬೊಯೆ ಕಲ್ಕತ್ತೆಯಲ್ಲಿ ತಾಯಿಯೊಬ್ಬಳು ಹೀಗೆ ಕೂಸಿಗೆ ಎಣ್ಣೆ ತಿಕ್ಕುವುದನ್ನು ಕಂಡು ಬೆರಗಾಗಿ 1976ರಲ್ಲಿ ‘ಶಾಂತಲಾ’ ಎಂಬ ಅವಳ ಹೆಸರಿನಲ್ಲೇ ಪುಸ್ತಕ ಮಾಡಿದ. ನಮ್ಮ ಅಜ್ಜಿಯರಿಗೆ ಅದರಲ್ಲಿ ಬೆರಗಾಗುವಂಥದ್ದೇನೂ ಕಾಣುತ್ತಿರಲಿಲ್ಲ.

ನೆರೆಯವರ ವಿದ್ಯೆ

ಮಗುವಿನ ಪಾದದಿಂದ ಬೆನ್ನು ತುಳಿಸಿಕೊಳ್ಳುವ ನಮ್ಮ ಬಡ ರೂಢಿಗೆ ಮಲಯಾಳದಲ್ಲಿ ಶಾಸ್ತ್ರೀಯ ರೂಪವೊಂದಿದೆ. ಕಳರಿಯಲ್ಲಿ ಗುರುಕ್ಕಳರು ಮೇಲೆ ಕಟ್ಟಿದ ಹಗ್ಗ ಹಿಡಿದು, ಎಣ್ಣೆ ಹಚ್ಚಿ ಮಲಗಿದ ಶಿಷ್ಯನ ಮೈಯನ್ನು ಪಾದದಿಂದ ನೀಳವಾಗಿ ಒತ್ತುತ್ತಾರೆ. ಅದು ಚವಿಟ್ಟಿ ಉಳಿಚ್ಚಿಲ್. ಮೈ ಬಳುಕಲೆಂದು ಮಳೆಗಾಲದಲ್ಲಿ ಇದನ್ನು ಕೆಲವು ದಿನ ಬಿಡದೆ ಮಾಡಿಸುವ ಸಂಪ್ರದಾಯವಿದೆ. ಕರ್ಕಾಟಕ ಮಾಸದ, ತುಳುನಾಡಿನಲ್ಲಿ ಆಟಿಯ, ಆರೈಕೆಯೆಂದರೆ ಕಾಸರಗೋಡಿನ ಓದುಗರಿಗೆ ಹೆಚ್ಚು ವಿವರಿಸಬೇಕಿಲ್ಲ. 1902ರಲ್ಲಿ ಪಿ. ಎಸ್. ವಾರಿಯರ್ ಕೋಟ್ಟಕ್ಕಲ್ಲಿನಲ್ಲಿ ಆರ್ಯವೈದ್ಯಶಾಲೆ ಸ್ಥಾಪಿಸಿದ ಬಳಿಕ ಪಿಳಿಚ್ಚಿಲ್, ಞವರಕ್ಕಿಳಿಗಳ ಹೆಸರು ದೇಶದಾಚೆಗೂ ಹೋಯಿತು.

ತಮಿಳರ ಸಿದ್ಧವೈದ್ಯದಲ್ಲಿ ಮೈ ಒತ್ತುವ ವಿದ್ಯೆಗೆ ತೊಕ್ಕಣಂ ಎಂದು ಹೆಸರು. ಅದರಲ್ಲಿ ಒಂಬತ್ತು ಬಗೆ. ತಟ್ಟುವುದು, ಬಿಗಿಯುವುದು, ಹಿಡಿಯುವುದು, ತಿರುಚುವುದು, ಕೈಕಟ್ಟುವುದು, ಒತ್ತುವುದು, ಎಳೆಯುವುದು, ಅಂಗಾತ ಮಲಗಿಸುವುದು, ಅಲುಗಿಸುವುದು. ಹೊಸೂರು ಸೀಮೆಯ ಕನ್ನಡಿಗರ ಮನೆಗಳಲ್ಲಿ ಈ ಎಲ್ಲ ವಿದ್ಯೆಗಳೂ ಬೆರೆತಿವೆ. ಯಾವುದು ಯಾರದೆಂದು ಬೇರ್ಪಡಿಸುವುದು ಕಷ್ಟ, ಬೇರ್ಪಡಿಸಬೇಕಾದ ಅಗತ್ಯವೂ ಇಲ್ಲ.

ಕಡಲಾಚೆಗೂ ಈ ವಿದ್ಯೆ ನಮ್ಮ ದೇಶದಿಂದ ಹೋಗಿದೆ. ಪಾಟ್ನಾದವನಾದ ಶೇಖ್ ದೀನ್ ಮಹಮ್ಮದ್ ಎಂಬಾತ 1814ರ ಸುಮಾರಿಗೆ ಇಂಗ್ಲೆಂಡಿನ ಬ್ರೈಟನ್ನಿನಲ್ಲಿ ಸ್ನಾನಗೃಹ ತೆರೆದು ಮೈ ಒತ್ತಿಸಿಕೊಳ್ಳುವುದನ್ನು ಅಲ್ಲಿಯವರಿಗೆ ಕಲಿಸಿದ. ದೊರೆ ನಾಲ್ಕನೆಯ ಜಾರ್ಜನ ಸೇವೆಗೂ ನೇಮಕಗೊಂಡ. ಇಂದು ತಲೆ ತೊಳೆಯುವ ಸೀಸೆಯ ಮೇಲಿರುವ ‘ಶಾಂಪೂ’ ಎಂಬ ಹೆಸರು ಹಿಂದಿಯ ‘ಚಾಂಪೋ’, ಅಂದರೆ ಒತ್ತು, ಎಂಬ ಮಾತಿನಿಂದ ಬಂದದ್ದು. ಅದೇ ಶತಮಾನದಲ್ಲಿ ಸ್ವೀಡನ್ನಿನ ಪೆರ್ ಹೆನ್ರಿಕ್ ಲಿಂಗ್ 1813ರಲ್ಲಿ ಸ್ಟಾಕ್‌ಹೋಮಿನಲ್ಲಿ ಸ್ಥಾಪಿಸಿದ ವ್ಯಾಯಾಮ ಸಂಸ್ಥೆಯಿಂದ ಯುರೋಪಿನ ಅಂಗಮರ್ದನ ಚಿಕಿತ್ಸೆ ಒಂದು ಕ್ರಮಕ್ಕೆ ಬಂತು.

ಕಾರ್ಖಾನೆಯ ಬೆನ್ನು

1970ರ ದಶಕದಲ್ಲಿ ಹೊಸೂರಿಗೆ ಸಿಪ್ಕಾಟ್ ಕೈಗಾರಿಕಾ ವಸಾಹತು ಬಂದ ಮೇಲೆ ಸೀಮೆಯ ಬದುಕೇ ತಿರುಗಿತು. 1980ರ ಸುಮಾರಿಗೆ ಲಾರಿ ಮತ್ತು ಮೊಪೆಡ್ಡು, ಆ ದಶಕದ ಕೊನೆಯ ಹೊತ್ತಿಗೆ ಕೈಗಡಿಯಾರ, ಈಚೆಗೆ ಮೊಬೈಲು ಫೋನಿನ ಬಿಡಿಭಾಗಗಳು ಇಲ್ಲಿ ತಯಾರಾಗತೊಡಗಿದವು. ರಾಗಿ ಹೊಲಗಳ ನಡುವೆ ಗುಲಾಬಿಯ ಹಸಿರುಮನೆಗಳು ಎದ್ದವು. ರಾಗಿ ಹೊಲದ ಕೆಲಸದಲ್ಲಿ ಬೆನ್ನು ಬಗ್ಗುತ್ತಿತ್ತು, ಏಳುತ್ತಿತ್ತು, ಹೊರೆ ಹೊತ್ತು ನಡೆಯುತ್ತಿತ್ತು. ಜೋಡಣೆಯ ಮೇಜಿನ ಮುಂದೆ ಕತ್ತು ಎಂಟು ಗಂಟೆ ಒಂದೇ ಕೋನದಲ್ಲಿ ನಿಲ್ಲುತ್ತದೆ. ಹೂ ಕತ್ತರಿಸುವ ಹೆಣ್ಣುಮಗಳ ಹೆಬ್ಬೆರಳು ಒಂದೇ ಚಲನೆಯನ್ನು ಸಾವಿರ ಸಲ ಮಾಡುತ್ತದೆ. ದುಡಿಮೆ ಹಗುರವಾದಂತೆ ಕಂಡರೂ ಖಂಡಗಳ ಬಿಗಿತ ಹೆಚ್ಚಾಗಿದೆ. ಇನ್ನೊಂದು ಕಡೆ ಪಾಳಿಯ ಕೆಲಸದಿಂದ ವಾರದ ಲೆಕ್ಕವೇ ಕಲಸಿಹೋಗಿದೆ. ಶನಿವಾರ ಗಂಡನಿಗೆ ರಾತ್ರಿಪಾಳಿ, ಶುಕ್ರವಾರ ಹೆಂಡತಿಗೆ ಬೆಳಗಿನ ಬಸ್ಸು. ನಾಲ್ಕು ಜನರಿಗೆ ನೀರು ಕಾಯುತ್ತಿದ್ದ ಹಂಡೆಯ ಜಾಗದಲ್ಲಿ ಗೀಸರು ಬಂದಿದೆ. ಎಣ್ಣೆ ತಿಕ್ಕುವ ಕೈ ಊರಿನಲ್ಲಿದೆ, ನೋಯುವ ಬೆನ್ನು ಹೊಸೂರಿನ ಬಾಡಿಗೆ ಕೋಣೆಯಲ್ಲಿದೆ. ಹೀಗಾಗಿ ಮಾಲೀಸು ಹಬ್ಬಕ್ಕೊಮ್ಮೆ ಮಾಡುವ ಶಾಸ್ತ್ರವಾಗಿ, ಇಲ್ಲವೇ ನೋವು ತಡೆಯಲಾರದಾಗ ಹಣ ತೆತ್ತು ಕೊಳ್ಳುವ ಸೇವೆಯಾಗಿ ಉಳಿದಿದೆ.

ಈಗಿನ ವಿಜ್ಞಾನ ಇದರ ಬಗ್ಗೆ ಏನನ್ನುತ್ತದೆ ಎಂಬುದನ್ನು ನೋಡೋಣ. 2012ರಲ್ಲಿ ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು 11 ಮಂದಿ ಯುವಕರಿಗೆ ದಣಿಯುವ ತನಕ ಸೈಕಲ್ ತುಳಿಸಿ, ಅವರ ಒಂದು ಕಾಲಿಗೆ ಮಾತ್ರ 10 ನಿಮಿಷ ಅಂಗಮರ್ದನ ಮಾಡಿಸಿ, ಎರಡೂ ಕಾಲುಗಳ ಖಂಡದ ಚೂರನ್ನು ತೆಗೆದು ಪರೀಕ್ಷಿಸಿದರು. ತಿಕ್ಕಿದ ಕಾಲಿನಲ್ಲಿ ಉರಿಯೂತದ ಸೂಚನೆಗಳು ಕಡಿಮೆಯಿದ್ದವು; ಜೀವಕೋಶದೊಳಗೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಗಳ ಬೆಳವಣಿಗೆಗೆ ಸೇರಿದ ಸೂಚನೆಗಳು ಹೆಚ್ಚಿದ್ದವು. ತಿಕ್ಕಿದರೆ ಖಂಡದಲ್ಲಿ ಕೂಡಿದ ಲ್ಯಾಕ್ಟಿಕ್ ಆಮ್ಲ ಹೊರಗೆ ಹೋಗುತ್ತದೆಂಬ ಮಾತು ಬಹಳ ಕಾಲದಿಂದ ಪ್ರಚಾರದಲ್ಲಿತ್ತು. ಈ ಪರೀಕ್ಷೆಯಲ್ಲಿ ಅದಕ್ಕೆ ಆಧಾರ ಸಿಗಲಿಲ್ಲ.

ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದವು ಅಮೆರಿಕದ ಎರಡು ಅಧ್ಯಯನಗಳು. 2011ರಲ್ಲಿ ಪ್ರಕಟವಾದ ಒಂದರಲ್ಲಿ ಬಹುದಿನದ ಸೊಂಟನೋವಿನ 401 ಮಂದಿಯನ್ನು ಗುಂಪು ಮಾಡಿ, ಕೆಲವರಿಗೆ ವಾರಕ್ಕೊಮ್ಮೆಯಂತೆ 10 ವಾರ ಅಂಗಮರ್ದನ ಮಾಡಿಸಿದರು. ಎಂದಿನ ಔಷಧೋಪಚಾರದಲ್ಲೇ ಉಳಿದವರಿಗಿಂತ ಇವರ ನೋವೂ ಇಳಿಯಿತು, ದಿನದ ಕೆಲಸಗಳೂ ಸುಲಭವಾದವು. ಸ್ನಾಯುಗಳನ್ನು ಗುರಿಯಿಟ್ಟು ಒತ್ತುವ ಪರಿಣತ ಪದ್ಧತಿಗೂ ಮೈಯನ್ನು ಹಿತವಾಗಿ ಸಡಿಲಿಸುವ ಸಾದಾ ಪದ್ಧತಿಗೂ ಗುಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ನಿಲ್ಲಿಸಿದ ಮೇಲೆ ತಿಂಗಳುಗಳು ಕಳೆದಂತೆ ಗುಣ ಕುಗ್ಗುತ್ತ ಬಂತು. ವರ್ಷದ ಕೊನೆಗೆ ಅಲ್ಪ ಮಾತ್ರ ಉಳಿಯಿತು. 2014ರ ಇನ್ನೊಂದು ಅಧ್ಯಯನ 228 ಮಂದಿಯ ಕತ್ತುನೋವನ್ನು ಕುರಿತದ್ದು. 30 ನಿಮಿಷದ ಮರ್ದನದಿಂದ ಗುರುತಿಸುವಂಥ ಲಾಭ ಕಾಣಲಿಲ್ಲ. 60 ನಿಮಿಷದಂತೆ ವಾರಕ್ಕೆ ಎರಡು ಮೂರು ಸಲ, 4 ವಾರ ಮಾಡಿಸಿಕೊಂಡವರಿಗೆ ಸ್ಪಷ್ಟವಾಗಿ ಹಗುರಾಯಿತು.

ಇವೆರಡನ್ನೂ ಒಟ್ಟಿಗೆ ಓದಿದರೆ ನಮ್ಮ ಹಳೆಯ ಕಟ್ಟಳೆಯ ತಿರುಳು ಕೈಗೆ ಸಿಗುತ್ತದೆ. ಆತುರಪಡಬಾರದು, ವಾರ ತಪ್ಪಿಸಬಾರದು, ಬಿಟ್ಟರೆ ಬಿಗಿತ ಮರಳುತ್ತದೆ. ಮನೆಯವರ ಸಾದಾ ಕೈ ಸಾಕು; ದುಬಾರಿ ಎಣ್ಣೆಯೂ ಬೇಕಾಗಿಲ್ಲ. ಅಂಗಮರ್ದನ ರೋಗವನ್ನು ಬುಡಸಹಿತ ಕೀಳುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ. ಅದು ಬಿಗಿದದ್ದನ್ನು ಸಡಿಲಿಸುತ್ತದೆ, ನೋವನ್ನು ಸಹ್ಯ ಮಾಡುತ್ತದೆ, ಮೈ ಆಡುವಂತೆ ಮಾಡುತ್ತದೆ. ದುಡಿಯುವವರಿಗೆ ಇದು ಸಣ್ಣ ಲಾಭವಲ್ಲ.

ನೋವಿನ ಮಾತುಗಳು

ಎಲ್ಲಿ ಕೈಯಿಡಬಾರದೆಂಬುದೂ ಈ ವಿದ್ಯೆಯ ಭಾಗವೇ. ಹೊಸದಾಗಿ ಉಳುಕಿ ಊದಿಕೊಂಡ ಜಾಗವನ್ನು ಮೊದಲ ಎರಡು ಮೂರು ದಿನ ತಿಕ್ಕಬಾರದು. ಮೂಳೆ ಮುರಿದ ಶಂಕೆಯಿದ್ದರೆ ಮುಟ್ಟಲೇಬಾರದು. ಒಂದೇ ಕಾಲಿನ ಮೀನಖಂಡ ಊದಿ, ಕೆಂಪಾಗಿ, ಬಿಸಿಯಾಗಿದ್ದರೆ ಒಳರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ತಿಕ್ಕಿದರೆ ಆ ಹೆಪ್ಪು ಹೊರಟು ಶ್ವಾಸಕೋಶಕ್ಕೆ ಹೋಗಿ ಪ್ರಾಣಕ್ಕೆ ಎರವಾದೀತು. ಎದೆಯಿಂದ ಎಡದೋಳಿಗೋ ಬೆನ್ನಿಗೋ ಹಬ್ಬುವ ನೋವನ್ನು ವಾಯುವೆಂದು ತಿಳಿದು ಎಣ್ಣೆ ಹಚ್ಚುತ್ತ ಕೂರಬಾರದು, ಕೂಡಲೇ ಆಸ್ಪತ್ರೆಗೆ ಹೋಗಬೇಕು. ಕ್ಷೌರದಂಗಡಿಯಲ್ಲಿ ಕತ್ತನ್ನು ಲಟಕ್ಕನೆ ತಿರುವಿಸಿಕೊಳ್ಳುವ ಚಪಲವನ್ನೂ ಬಿಡಬೇಕು. ಮಿದುಳಿಗೆ ಹೋಗುವ ರಕ್ತನಾಳಕ್ಕೆ ಅದರಿಂದ ಪೆಟ್ಟಾಗಬಹುದೆಂದು ವೈದ್ಯರು ಎಚ್ಚರಿಸಿದ್ದಾರೆ. ತಲೆ ಒತ್ತಿಸಿಕೊಳ್ಳುವುದಕ್ಕೆ ಅಡ್ಡಿಯಿಲ್ಲ.

ಇಲ್ಲಿ ಕನ್ನಡದ ಮನೆಗಳು ಗಮನಿಸಬೇಕಾದ ಇನ್ನೊಂದು ವಿಷಯವುಂಟು. ಬಿಗಿತ, ಹಿಡಿತ, ಸೆಳೆತ, ಸಿಡಿತ, ಉಳುಕು, ಉರಿ, ಜೋಮು, ಮರಗಟ್ಟುವುದು, ಇವು ಒಂದೇ ನೋವಿನ ಎಂಟು ಹೆಸರುಗಳಲ್ಲ. ಬಿಗಿತಕ್ಕೂ ಹಿಡಿತಕ್ಕೂ ಎಣ್ಣೆ ಸಾಕು. ಸೊಂಟದಿಂದ ಕಾಲಿಗೆ ಇಳಿಯುವ ಸಿಡಿತ, ಬಿಡದೆ ಬರುವ ಜೋಮು, ಮರಗಟ್ಟಿದ ಬೆರಳು ಇವು ನರಕ್ಕೆ ತೊಂದರೆಯಾಗಿರುವ ಸೂಚನೆ; ಅದಕ್ಕೆ ವೈದ್ಯರೇ ಬೇಕು. ಅಜ್ಜಿ ಬೆನ್ನು ನೀವುತ್ತ ‘ಹಿಡಿತವೋ, ಸೆಳೆತವೋ?’ ಎಂದು ಕೇಳುತ್ತಿದ್ದದ್ದು ಒಂದು ಪರೀಕ್ಷೆಯಾಗಿತ್ತು. ಶಾಲೆಯಲ್ಲಿ ತಮಿಳು, ಕೆಲಸದಲ್ಲಿ ಇಂಗ್ಲಿಷು ಎಂದಾಗಿರುವ ನಮ್ಮ ಮಕ್ಕಳಿಗೆ ಇಂದು ಎಲ್ಲವೂ ಬರೀ ‘ಪೇನು’. ಕೃಷ್ಣಗಿರಿಯ ಆಸ್ಪತ್ರೆಗೆ ಅಜ್ಜನನ್ನು ಕರೆದೊಯ್ದ ಮೊಮ್ಮಗನಿಗೆ ಅಜ್ಜ ಹೇಳಿದ ‘ಜೋಮು’ ತಿಳಿಯದಿದ್ದರೆ ವೈದ್ಯರಿಗೆ ತಮಿಳಿನಲ್ಲಿ ಅವನು ಏನೆಂದು ಹೇಳಿಯಾನು? ಮಂಜೇಶ್ವರದ ಮೊಮ್ಮಗಳು ಮಲಯಾಳದ ವೈದ್ಯರ ಮುಂದೆ ನಿಂತಾಗಲೂ ಇದೇ ತೊಡಕು. ಕನ್ನಡವನ್ನು ಶಾಲೆಯಲ್ಲಿ ಉಳಿಸಲು ಮನವಿ, ಸಭೆ, ಹೋರಾಟ ಬೇಕಾಗುತ್ತವೆ. ಈ ಎಂಟು ಮಾತುಗಳನ್ನು ಉಳಿಸಲು ಬೆನ್ನ ಮೇಲಿನ ಒಂದು ಅಂಗೈ ಸಾಕು.

ಪಂಚಾಂಗದ ವಾರವೇ ಆಗಬೇಕೆಂಬ ಹಟ ಈಗ ಬೇಡ. ಪಾಳಿ ಯಾವ ದಿನ ಬಿಡುವು ಕೊಡುತ್ತದೋ ಅದೇ ಆ ಮನೆಯ ಶನಿವಾರ. ಅಂದು ಒಂದು ಬಟ್ಟಲು ಎಳ್ಳೆಣ್ಣೆಯನ್ನೋ ಕೊಬ್ಬರಿ ಎಣ್ಣೆಯನ್ನೋ ಬೆಚ್ಚಗೆ ಮಾಡಿ, ದೂರದರ್ಶನ ಆರಿಸಿ, ಗಂಡ ಹೆಂಡತಿಗೆ, ಹೆಂಡತಿ ಗಂಡನಿಗೆ, ಮಕ್ಕಳು ಹಿರಿಯರಿಗೆ ಒಂದು ಗಂಟೆ ಕೊಡಬೇಕು. ಹಿಂದೆ ಒಂದೇ ಸಮುದಾಯದ ತಲೆಗೆ ಕಟ್ಟಿದ್ದ ಕೆಲಸವನ್ನು ಮನೆಯವರೆಲ್ಲ ಒಬ್ಬರಿಗೊಬ್ಬರು ಮಾಡುವುದೇ ಮರ್ಯಾದೆ. ಎಲ್ಲಿ ನೋಯುತ್ತದೆ, ಹೇಗೆ ನೋಯುತ್ತದೆ ಎಂದು ಕನ್ನಡದಲ್ಲಿ ಕೇಳಿ, ಕನ್ನಡದಲ್ಲೇ ಉತ್ತರ ಪಡೆಯಬೇಕು. ಮುಂದಿನ ವಾರವೂ ಅದೇ ದಿನ, ಅದೇ ಹೊತ್ತಿಗೆ.